ನುಂಗುಗಡಿಗೆಯ ಎಣ್ಣೆ

ನಮ್ಮೂರಿನಲ್ಲಿ ಗಡಿಯಾರಕ್ಕೆ ಯಾರೂ ಕೀಲಿ ಕೊಡುವುದಿಲ್ಲ. ಚಾವಡಿಯ ಗೋಡೆಯ ಮೇಲಿರುವ ಗಡಿಯಾರದ ಲೋಲಕವನ್ನು ನಮ್ಮಜ್ಜನ ಕಾಲದಲ್ಲಿ ಯಾರೋ ಒಮ್ಮೆ ತಳ್ಳಿದರಂತೆ, ಅದು ಇಂದಿಗೂ ತೂಗುತ್ತಿದೆ. ಊರಿನಲ್ಲಿ ಹಾಗೆ ತೂಗಲು ಬಿಟ್ಟಿರುವುದು ಅದೊಂದನ್ನೇ. ಉಳಿದದ್ದು ಯಾವುದೇ ಆಗಲಿ, ಅಲುಗಿದರೆ ಕೈಯಿಂದ ಹಿಡಿದು ನಿಲ್ಲಿಸಬೇಕು. ಹಿಡಿಯದಿದ್ದರೆ ಅದು ನಿಲ್ಲುವುದಿಲ್ಲ. ಗುಡಿಯಲ್ಲಿ ಗಂಟೆ ಬಾರಿಸಿದವನು ಅದನ್ನು ಅಂಗೈಯಿಂದ ಒತ್ತಿ ಸುಮ್ಮನಾಗಿಸಿದ ಮೇಲೆಯೇ ಕೈ ಮುಗಿಯುತ್ತಾನೆ. ಒಣಹಾಕಿದ ಸೀರೆಗೆ ನಾಲ್ಕೂ ಮೂಲೆಯಲ್ಲಿ ಗಂಟು. ನಮ್ಮ ಹೆಂಗಸರು ಜುಮಕಿ ಹಾಕುವುದಿಲ್ಲ, ಬೆಂಡೋಲೆಯಲ್ಲೇ ತೃಪ್ತಿಪಡುತ್ತಾರೆ. ಬೇರೆ ಊರಿನಿಂದ ಸೊಸೆ ತಂದ ಅತ್ತೆಗೆ ಮೊದಲ ಮೂರು ತಿಂಗಳು ಅವಳ ಹಿಂದೆ ಓಡಾಡುವುದೇ ಕೆಲಸ. ಅವಳು ತಗುಲಿ ಬಿಟ್ಟ ನೆಲುವು, ತಳ್ಳಿ ಬಿಟ್ಟ ಬಾಗಿಲು ಎಲ್ಲವನ್ನೂ ಹಿಡಿಯುತ್ತ ಬರಬೇಕು. ಅಲುಗಿಸಿ ಹಾಗೇ ಬಿಟ್ಟು ಹೋಗುವವನನ್ನು ನಾವು ಮನುಷ್ಯರಲ್ಲಿ ಎಣಿಸುವುದಿಲ್ಲ. ಬೇಕೆಂದೇ ಒಂದು ವಸ್ತುವನ್ನು ಅಲುಗಿಸುತ್ತ ಕೂರುವವನು ಅವನಿಗಿಂತಲೂ ಕಡೆ.

ಮನುಷ್ಯರ ಮೈಗೂ ಇದೇ ಕಟ್ಟಳೆ. ದುಃಖಕ್ಕೋ ಭಯಕ್ಕೋ ಕೈ ನಡುಗಲು ಶುರುವಾದರೆ ಇನ್ನೊಬ್ಬರು ಹಿಡಿಯುವ ತನಕ ಆ ನಡುಕ ನಿಲ್ಲುವುದಿಲ್ಲ. ಅದಕ್ಕಾಗಿಯೇ ಊರಿನಲ್ಲಿ ಹಿಡಿಯುವ ಹೆಂಗಸರಿದ್ದಾರೆ. ನನ್ನ ಹೆಂಡತಿ ಬಾಳವ್ವ ಅವರಲ್ಲೊಬ್ಬಳು. ಸಾವಿನ ಮನೆಯಿಂದ ಕರೆ ಬಂದರೆ ಅವಳು ಸೆರಗು ಬಿಗಿದುಕೊಂಡು ಹೊರಡುತ್ತಾಳೆ. ಸತ್ತವರ ತಾಯಿಯದೋ ಹೆಂಡತಿಯದೋ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಒಂದು ದಿನ, ಎರಡು ದಿನ ಅಲ್ಲಾಡದೆ ಕೂರುತ್ತಾಳೆ. ಮೂರನೆಯ ದಿನಕ್ಕೆ ಹಿಡಿದವಳಿಗೆ ಜ್ವರ. ಆಗ ಅವಳನ್ನು ಎಬ್ಬಿಸಿ ಕಳಿಸಿ, ಇನ್ನೊಬ್ಬಳು ಕೂರುತ್ತಾಳೆ. ಆ ಜ್ವರಕ್ಕೆ ಹಿಡಿಕೆಜ್ವರ ಎಂದೇ ಹೆಸರು. ಶುಂಠಿ ಮೆಣಸಿನ ಕಷಾಯ ಕುಡಿದು ಮಲಗಿದರೆ ಇಳಿಯುತ್ತದೆ. ಇದಿಷ್ಟು ನಮ್ಮೂರಿನ ಕೂಸಿಗೂ ಗೊತ್ತು. ಗೊತ್ತಿದ್ದೂ ಗೊತ್ತಾಗದೆ ಹೋದವನು ನಾನು, ಈ ಕಥೆ ಅದರದೇ.

ನಾನು ಗಾಣಿಗರವನು, ಹೆಸರು ಅಡಿವೆಪ್ಪ. ನಮ್ಮದು ಹರಳೆಣ್ಣೆಯ ಗಾಣ. ಬೇರೆ ಊರುಗಳಲ್ಲಿ ಹರಳೆಣ್ಣೆಯನ್ನು ಹೊಟ್ಟೆ ತೊಳೆಯಲು ಕುಡಿಯುತ್ತಾರಂತೆ, ತಲೆಗೆ ಹಚ್ಚುತ್ತಾರಂತೆ. ನಮ್ಮಲ್ಲಿ ಅದು ತೊಟ್ಟಿಲು ನಿಲ್ಲಿಸುವ ಎಣ್ಣೆ. ತೊಟ್ಟಿಲ ಹಗ್ಗಕ್ಕೆ ಒಂದು ಮರದ ಹುಟ್ಟು ಕಟ್ಟಿ, ಆ ಹುಟ್ಟು ಮಣ್ಣಿನ ಗಡಿಗೆಯಲ್ಲಿರುವ ಹರಳೆಣ್ಣೆಯಲ್ಲಿ ಆಡುವ ಹಾಗೆ ಮಾಡಿದರೆ, ತೊಟ್ಟಿಲು ನಾಲ್ಕು ಸಲ ತೂಗಿ ತಾನೇ ನಿಲ್ಲುತ್ತದೆ. ಎಣ್ಣೆ ಅಲುಗಾಟವನ್ನು ನುಂಗಿತು ಎನ್ನುತ್ತೇವೆ. ಗಡಿಗೆಗೆ ನುಂಗುಗಡಿಗೆ ಎನ್ನುತ್ತೇವೆ. ನುಂಗಿದ್ದು ಎಲ್ಲಿಗೆ ಹೋಯಿತು ಎಂದು ನಮ್ಮಪ್ಪ ಕೇಳಲಿಲ್ಲ, ಅಜ್ಜ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಾಣದಿಂದ ಇಳಿಯುವ ಎಣ್ಣೆ ಬೆಚ್ಚಗಿರುವುದನ್ನು ಮಾತ್ರ ದಿನವೂ ಬೆರಳಿಟ್ಟು ನೋಡುತ್ತಿದ್ದೆವು. ಅದು ಬೀಜದ ಬಿಸಿ ಎಂದು ಅಪ್ಪ ಹೇಳಿದ್ದ, ನಾನು ನಂಬಿದ್ದೆ.

ನಮಗೆ ಮಕ್ಕಳಾಗಲಿಲ್ಲ. ಆದರೆ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದೆವು. ಬಾಳವ್ವನಿಗೆ ಹದಿಮೂರು ತುಂಬುವಾಗ ಅವಳ ತಾಯಿ ಎಂಟು ತಿಂಗಳ ಗಂಡುಕೂಸನ್ನು ಬಿಟ್ಟು ತೀರಿಕೊಂಡಳು. ಮುಂದಿನ ವರ್ಷ ಮದುವೆಯಾಗಿ ಬರುವಾಗ ಬಾಳವ್ವ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ನಮ್ಮ ಹೊಸ್ತಿಲು ತುಳಿದಳು. ಚಂದ್ರಾಮ ಅವನ ಹೆಸರು. ಅವನ ತೊಟ್ಟಿಲಿಗೆ ನುಂಗುಗಡಿಗೆ ಕಟ್ಟಿದವನು ನಾನೇ. ಬೆಳೆದ ಮೇಲೆ ಅವನು ಗಾಣದ ಎತ್ತಿನ ಹಿಂದೆ ಸುತ್ತಲು ಒಲ್ಲೆನೆಂದ. ಸುತ್ತಿದಲ್ಲೇ ಸುತ್ತುವುದಾದರೆ ಕಾಲು ಯಾಕೆ ಬೇಕು ಎಂದು ನಗಾಡುತ್ತಿದ್ದ. ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಊರಿನವರು ಬಸ್ಸೊಂದನ್ನು ತರಿಸುತ್ತಾರೆ ಎಂಬ ಸುದ್ದಿ ಹುಟ್ಟಿದ ದಿನವೇ, ಓಡಿಸುವವನು ತಾನು ಎಂದು ತೀರ್ಮಾನಿಸಿಬಿಟ್ಟ.

ಬಸ್ಸು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆ ಇರುವ ಊರು ಒಂಬತ್ತು ಮೈಲಿ ದೂರ, ದಾರಿಯುದ್ದಕ್ಕೂ ಹಿರಿಯರು ಹಾಸಿದ ಉಬ್ಬುತಗ್ಗಿನ ಕಲ್ಲು. ರೋಗಿಯನ್ನು ಡೋಲಿಯಲ್ಲಿ ಹೊತ್ತರೆ ಹೊರುವವರು ನಾಲ್ವರು, ಡೋಲಿ ತೂಗದಂತೆ ಹಿಡಿಯುವವರು ಮತ್ತೆ ನಾಲ್ವರು. ಎಷ್ಟೋ ಜನ ದಾರಿಯಲ್ಲೇ ಹೋದರು. ಆದರೆ ಬಸ್ಸಿಗೆ ಗಾಲಿಯ ಮೇಲೆ ಪಾಟಾ ಇರುತ್ತದೆ. ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಪಾಟಾ ಒಮ್ಮೆ ಕುಣಿಯಲು ಶುರುಮಾಡಿದರೆ ನಮ್ಮೂರಿನಲ್ಲಿ ನಿಲ್ಲಿಸುವವರು ಯಾರು? ಹೀಗಾಗಿ ಆ ಹಳೆಯ ಬಸ್ಸನ್ನು ಪಾಟಾಗಳಿಗೆ ಮರದ ತುಂಡು ಬಡಿದು ಎರಡು ಜೋಡಿ ಎತ್ತಿನಿಂದ ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಶೆಡ್ಡಿನ ಮೇಸ್ತ್ರಿ ಇಮಾಮಸಾಬ. ಅವನು ಹೊರಗಿನ ಕಾರ್ಖಾನೆಯಲ್ಲಿ ಆರು ವರ್ಷ ದುಡಿದು ಬಂದವನು, ಇಂಜಿನ್ನು ಬಿಚ್ಚಿ ಜೋಡಿಸಬಲ್ಲವನು.

ಅವನು ಒಂದು ದಿನ ನಮ್ಮ ಗಾಣಕ್ಕೆ ಬಂದು, ದುಂಡನೆಯ ಕಬ್ಬಿಣದ ಡಬ್ಬಿಯೊಂದನ್ನು ನನ್ನ ಮುಂದಿಟ್ಟ. ಡಬ್ಬಿಯ ಹೊರಗೆ ಒಂದು ತೋಳು, ಒಳಗೆ ಒಂದು ರೆಕ್ಕೆ. ಗಾಲಿಗೊಂದರಂತೆ ನಾಲ್ಕಿವೆ, ಇದಕ್ಕೆ ಹೊರಗಿನವರು ಶಾಕ್ ಅಬ್ಸಾರ್ಬರ್ ಎನ್ನುತ್ತಾರೆ ಎಂದ. ನಾನು ಮುಚ್ಚಳ ತೆಗೆದು ನೋಡಿ ನಕ್ಕೆ. ತೊಟ್ಟಿಲಿನ ನುಂಗುಗಡಿಗೆಯೇ ಅದು, ಮಣ್ಣಿನ ಬದಲು ಕಬ್ಬಿಣ. ಒಳಗೆ ಎಣ್ಣೆ ಒಣಗಿ ಹೋಗಿತ್ತು. ಅದಕ್ಕೆ ಸರಿಹೊಂದುವ ಎಣ್ಣೆ ಯಾವುದು ಎಂದು ಕಂಡುಹಿಡಿಯುವುದು ನನ್ನ ಕೆಲಸವಾಯಿತು. ಇಮಾಮಸಾಬನ ಹತ್ತಿರ ಬಸ್ಸಿನ ಜೊತೆ ಬಂದ ಹರಕು ಪುಸ್ತಿಕೆಯಿತ್ತು. ಅದರಲ್ಲಿ ಉಳಿದಿದ್ದ ಸಾಲುಗಳಲ್ಲಿ ಒಂದನ್ನು ಅವನು ಬೆರಳಿಟ್ಟು ಓದಿ ಹೇಳಿದ: ಬಿಸಿಯಾದರೆ ಎಣ್ಣೆ ತೆಳುವಾಗುತ್ತದೆ, ಬಿಸಿಯಲ್ಲಿ ಪರೀಕ್ಷೆ ಮಾಡತಕ್ಕದ್ದು. ಬಿಸಿ ಎಲ್ಲಿಂದ ಬರುತ್ತದೆ ಎಂದು ಹೇಳುವ ಹಾಳೆಯನ್ನು ಇಲಿ ತಿಂದಿತ್ತೋ, ಪುಸ್ತಿಕೆ ಬರೆದವನಿಗೆ ಅದನ್ನು ಹೇಳುವ ಅಗತ್ಯವೇ ಕಾಣಲಿಲ್ಲವೋ, ನನಗೆ ಗೊತ್ತಿಲ್ಲ.

ಎರಡು ತಿಂಗಳು ಪರೀಕ್ಷೆ ಮಾಡಿದೆವು. ಶೆಡ್ಡಿನ ಕಂಬಕ್ಕೆ ಒಂದು ಡಬ್ಬಿ ಬಿಗಿದು, ಅದರ ತೋಳಿಗೆ ಪಾಟಾ ಜೋಡಿಸಿ, ಪಾಟಾಕ್ಕೆ ಎರಡು ಮಣದ ಕಬ್ಬಿಣ ತೂಗುಹಾಕಿದೆವು. ಕಬ್ಬಿಣವನ್ನು ಒಂದು ಮೊಳ ಕೆಳಗೆ ಎಳೆದು ಬಿಡುವುದು, ಎಷ್ಟು ತೂಗಿಗೆ ನಿಲ್ಲುತ್ತದೆ ಎಂದು ಎಣಿಸುವುದು. ಹನ್ನೆರಡು ತೂಗು ದಾಟಿದರೆ ಎಣ್ಣೆ ಕೆಲಸಕ್ಕೆ ಬಾರದು ಎಂದು ಬರೆದುಕೊಂಡು, ಕೈ ಹಾಕಿ ಹಿಡಿಯುವುದು. ಬಿಸಿ ಅಳೆಯಲು ನನ್ನ ಬೆರಳೇ ಸಾಕಿತ್ತು. ಎಣ್ಣೆಯಲ್ಲಿ ಬೆರಳು ಅದ್ದಿ ಹತ್ತು ಎಣಿಸುವ ತನಕ ತಾಳಿದರೆ ಅದು ಹತ್ತರ ಬಿಸಿ, ಐದರ ತನಕ ತಾಳಿದರೆ ಐದರ ಬಿಸಿ. ಗಾಣಿಗರ ಮಕ್ಕಳಿಗೆ ಇದು ಉಗ್ಗು ಕುಡಿಸುವಾಗಲೇ ಬರುತ್ತದೆ. ನಮ್ಮ ಹರಳೆಣ್ಣೆ ತಣ್ಣಗಿದ್ದಾಗ ಕಬ್ಬಿಣ ಎರಡೇ ತೂಗಿಗೆ ನಿಂತಿತು. ಹತ್ತರ ಬಿಸಿಯಲ್ಲಿ ಮೂರು, ಐದರ ಬಿಸಿಯಲ್ಲಿ ಐದು, ಎರಡರ ಬಿಸಿಯಲ್ಲಿ ಒಂಬತ್ತು. ಬೆರಳು ಅದ್ದಲೇ ಆಗದಷ್ಟು ಕಾಸಿದರೆ ಎಣ್ಣೆ ನೀರಾಗಿ, ಕಬ್ಬಿಣ ಹನ್ನೆರಡಾದರೂ ನಿಲ್ಲಲಿಲ್ಲ, ನಾವೇ ಹಿಡಿದು ನಿಲ್ಲಿಸಿದೆವು. ಎಲ್ಲವನ್ನೂ ಇದ್ದಿಲಿನಿಂದ ಗೋಡೆಯ ಮೇಲೆ ಬರೆದೆವು.

ಹಾಗಾದರೆ ಬಸ್ಸಿನ ಎಣ್ಣೆ ಎಷ್ಟು ಬಿಸಿಯಾದೀತು? ಚೈತ್ರದ ಮಟಮಟ ಮಧ್ಯಾಹ್ನ ಡಬ್ಬಿಯನ್ನು ಕರಿಬಂಡೆಯ ಮೇಲೆ ಇಟ್ಟು ನೋಡಿದೆವು. ಎಂಟರ ಬಿಸಿ, ಅದಕ್ಕಿಂತ ಹೆಚ್ಚು ಕಾಯಲಿಲ್ಲ. ಮುಂದಿನ ಎರಡು ಡಬ್ಬಿಗಳು ಇಂಜಿನ್ನಿಗೆ ಹತ್ತಿರ ಎಂದು ನಡುವೆ ತಗಡು ಹೊಡೆದೆವು. ಬಸ್ಸನ್ನು ಶೆಡ್ಡಿನಿಂದ ಚಾವಡಿಗೆ, ಚಾವಡಿಯಿಂದ ಶೆಡ್ಡಿಗೆ ಆರು ಸಲ ಓಡಿಸಿ, ಇಳಿದು ಬೆರಳಿಟ್ಟು ನೋಡಿದೆವು. ಏನೂ ಇಲ್ಲ. ಬಿಸಿಲಿಗಿಂತ ಹೆಚ್ಚಿನ ಬಿಸಿ ದಾರಿಯಲ್ಲಿ ಎಲ್ಲಿಂದ ಬರಬೇಕು, ಬಸ್ಸೇನು ಒಲೆ ಹೊತ್ತುಕೊಂಡು ಹೋಗುತ್ತದೆಯೇ ಎಂದ ಇಮಾಮಸಾಬ. ಅವನ ಮಾತು ನನಗೂ ಸರಿ ಕಂಡಿತು. ಆ ಕಬ್ಬಿಣವನ್ನು ನಿಲ್ಲಿಸದೆ, ಮತ್ತೆ ಮತ್ತೆ ಅಲುಗಿಸುತ್ತ, ಒಂಬತ್ತು ಮೈಲಿ ಕಲ್ಲುದಾರಿಯಲ್ಲಿ ಬಸ್ಸು ಎಷ್ಟು ಕುಣಿಯುತ್ತದೆಯೋ ಅಷ್ಟು ಹೊತ್ತು ಕುಣಿಸಿ ನೋಡೋಣ ಎಂಬ ಯೋಚನೆ ನಮ್ಮಿಬ್ಬರ ತಲೆಗೂ ಬರಲಿಲ್ಲ. ಬರುವುದಾದರೂ ಹೇಗೆ? ನಿಂತದ್ದನ್ನು ಬೇಕೆಂದೇ ಅಲುಗಿಸುವ ಕೈಗೆ ನಮ್ಮಲ್ಲಿ ಬರೆ ಹಾಕುತ್ತಾರೆ.

ಒಬ್ಬರು ಹೇಳಿದ್ದರು. ಅದನ್ನು ಬರೆಯದೆ ಮುಂದೆ ಹೋಗಲಾರೆ. ಒಂದು ಮಧ್ಯಾಹ್ನ ಬಾಳವ್ವ ಬುತ್ತಿ ತಂದಳು. ಯಾರದೋ ಸಾವಿನ ಮನೆಯಲ್ಲಿ ಹಿಡಿದು, ಜ್ವರ ಬಿದ್ದು, ಅಂದೇ ಎದ್ದಿದ್ದಳು. ನಾನು ಡಬ್ಬಿಯನ್ನು ಕೆಂಡದ ಮೇಲಿಟ್ಟು ಬೀಸಣಿಕೆ ಬೀಸುತ್ತಿದ್ದೆ. ಅವಳು ನೋಡಿ, “ಇದಕ್ಯಾಕ ಕೆಂಡ? ನಡುಗೂದನ್ನ ಹಿಡದ್ರ ತಾನ ಬಿಸಿ ಆಗತೈತಿ. ನನ್ನ ಕೇಳ್ರಿ” ಎಂದಳು. ಇಮಾಮಸಾಬ ನಕ್ಕ, ನಾನೂ ನಕ್ಕೆ. ಹಾಗಾದರೆ ಡಬ್ಬಿ ಬೇಡ, ನಿನ್ನನ್ನೇ ನಾಲ್ಕು ಭಾಗ ಮಾಡಿ ಗಾಲಿಗೊಂದು ಕಟ್ಟುತ್ತೇವೆ ಎಂದು ನಾನು ಚೇಷ್ಟೆ ಮಾಡಿದೆ. ಅವಳೂ ನಕ್ಕು ರೊಟ್ಟಿ ಬಿಚ್ಚಿದಳು. ಅಂದು ಬದನೆಕಾಯಿ ಎಣಗಾಯಿ ಮಾಡಿದ್ದಳು, ಎರಡು ರೊಟ್ಟಿ ಹೆಚ್ಚೇ ತಿಂದೆ.

ಬಸ್ಸು ಹೊರಡುವ ಹಿಂದಿನ ದಿನ ಅವಳು ನಗಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಕೈ ತೊಳೆದುಕೊಂಡು ಬಂದು ನನ್ನೆದುರು ಕೂತು, “ಖರೇ ಹೇಳ್ರಿ, ಎಣ್ಣಿ ನಂಬಬಹುದೇನು? ನನಗ ಅವನೊಬ್ಬನ ಇರೂದು” ಎಂದಳು. ನಾನು ಗಾಣದ ಮೇಲೆ ಕೈಯಿಟ್ಟು ಹೇಳಿದೆ: “ನನ್ನ ಬೆರಳು ಇಲ್ಲೀತನಕ ಸುಳ್ಳ ಹೇಳಿಲ್ಲ. ನಾ ಜವಾಬ್ದಾರಿ.” ಅವಳು ತಲೆಯಾಡಿಸಿ ಎದ್ದು ಹೋದಳು. ಆ ಮೇಲೆ ಚಂದ್ರಾಮನನ್ನು ಕರೆದು ನಾನು ಒಂದು ಬುದ್ಧಿಮಾತು ಹೇಳಿದೆ. ಒಂದು ವೇಳೆ ಎಲ್ಲಾದರೂ ಬಸ್ಸು ತೂಗಲು ಶುರುವಾದರೆ ನಿಲ್ಲಿಸಿ, ಜನರನ್ನು ಇಳಿಸಿ, ತಡಮಾಡದೆ ಡಬ್ಬಿಯ ತೋಳಿಗೆ ಕೈ ಹಾಕಿ ಹಿಡಿ ಎಂದೆ. ಆಗಲಿ ಮಾಮಾ ಎಂದ. ಅವನಿಗೆ ನಾನು ಹೇಳಿದ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ ಹಾರ ಹಾಕುವ ಗದ್ದಲದಲ್ಲಿ ಅವನು ಅಕ್ಕನ ಕಾಲು ಮುಟ್ಟಿದ, ನನ್ನ ಕಡೆ ನೋಡಿ ಹಾರ್ನ್ ಹೊಡೆದ, ಹೊರಟ.

ಆಮೇಲಿನದನ್ನು ನಮಗೆ ಹೇಳಿದವಳು ಬಳೆಗಾರ್ತಿ ಹುಸೇನಬಿ, ಬಸ್ಸಿನಲ್ಲಿದ್ದ ಹದಿನಾಲ್ಕು ಜನರಲ್ಲಿ ಒಬ್ಬಳು. ಆರು ಮೈಲಿಯ ತನಕ ಮಡಿಲಲ್ಲಿ ಕೂತ ಹಾಗಿತ್ತಂತೆ, ಅವಳ ಬುಟ್ಟಿಯ ಒಂದು ಬಳೆಯೂ ಸದ್ದು ಮಾಡಲಿಲ್ಲವಂತೆ. ಏಳನೆಯ ಮೈಲಿಗೆ ಬಳೆಗಳು ಕಿಣಿಕಿಣಿ ಅನ್ನತೊಡಗಿದವು. ಎಂಟಕ್ಕೆ ಬರುವಾಗ ಬಸ್ಸು ಒಂದೊಂದು ಕಲ್ಲಿಗೂ ಎದ್ದು ಬೀಳುತ್ತಿತ್ತು. ಜನ ರೂಢಿಯಂತೆ ಎದ್ದು ಗೋಡೆ ಹಿಡಿದರು, ಕಂಬ ಹಿಡಿದರು, ಒಬ್ಬರನ್ನೊಬ್ಬರು ಹಿಡಿದರು. ಚಂದ್ರಾಮ ಹೆದರಲಿಲ್ಲ. ಹಳ್ಳದ ಅಂಚಿನಲ್ಲಿ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದ, ಮುದುಕಿಯೊಬ್ಬಳನ್ನು ಎತ್ತಿಕೊಂಡು ಇಳಿಸಿದ. ಇಂಜಿನ್ನು ನಿಂತರೂ ಬಸ್ಸು ತೂಗುತ್ತಲೇ ಇತ್ತು. ಹಾಗೇ ಬಿಟ್ಟು ದೂರ ನಿಲ್ಲಬಹುದಿತ್ತು. ಆದರೆ ಅಲುಗುವುದನ್ನು ಹಿಡಿಯದೆ ಬಿಡುವ ಜಾತಿಯವನಲ್ಲ ಅವನು, ನಾನು ಬೇರೆ ಹೇಳಿ ಕಳಿಸಿದ್ದೆ. ಹಳ್ಳದ ಕಡೆಯ ಹಿಂದಿನ ಗಾಲಿಯ ಹತ್ತಿರ ಇಳಿದು, ಭುಜ ಕೊಟ್ಟು, ಡಬ್ಬಿಯ ತೋಳಿಗೆ ಎರಡೂ ಕೈ ಹಾಕಿದ. ಒಮ್ಮೆ ಚೀರಿದನಂತೆ, ಆದರೆ ಕೈ ಬಿಡಲಿಲ್ಲವಂತೆ. ತೂಗಿದಷ್ಟೂ ಗಾಲಿ ಅಂಚಿನ ಮಣ್ಣನ್ನು ತಿನ್ನುತ್ತಿತ್ತು. ಬೇರೆ ಗಂಡಸರು ಹಿಡಿಯಲು ಓಡಿ ಬರುವಷ್ಟರಲ್ಲಿ ಮಣ್ಣು ಕುಸಿಯಿತು, ಬಸ್ಸು ಅವನ ಮೇಲೆ ಮಗುಚಿಕೊಂಡಿತು.

ಹೆಣ ಮನೆಗೆ ಬಂದಾಗ ಸ್ನಾನ ಮಾಡಿಸಿದವನು ನಾನು. ಎರಡೂ ಅಂಗೈ ಬೆಂದು ಬೊಬ್ಬೆ ಎದ್ದಿದ್ದವು. ಇಂಜಿನ್ನಿನ ಬಿಸಿ ತಗುಲಿರಬೇಕು ಎಂದ ಇಮಾಮಸಾಬ. ಹಿಂದಿನ ಗಾಲಿಯ ಹತ್ತಿರ ಇಂಜಿನ್ನು ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಹೊತ್ತಿನಲ್ಲಿ ಅದನ್ನು ಕೇಳಿ ಆಗಬೇಕಾದ್ದೇನು ಎಂದು ನುಂಗಿಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಯಿತು. ಆ ಅಂಗೈಗಳಿಗೆ ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಮಣ್ಣಿಗೆ ಕೊಟ್ಟು ಬಂದೆ.

ಬಾಳವ್ವ ಅಳಲಿಲ್ಲ. ಮಣ್ಣು ಕೊಟ್ಟು ಬಂದಾಗ ಅವಳು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು, ಕೈಗಳೆರಡೂ ತೊಡೆಯ ಮೇಲೆ ನಡುಗುತ್ತಿದ್ದವು. ಊರಿನ ಉಳಿದ ಹಿಡಿಯುವ ಹೆಂಗಸರು ನಾಲ್ವರೂ ಬಂದಿದ್ದರು. ಅವರಲ್ಲಿ ಹಿರಿಯಳಾದ ತಾರವ್ವ ಕೈ ಚಾಚಿದರೆ ಬಾಳವ್ವ ತನ್ನ ಕೈ ಸರಿಸಿಕೊಂಡಳು. ಮನೆಯವರು ಹಿಡಿಯಬಾರದು ಎಂಬುದು ನಮ್ಮ ಪದ್ಧತಿ. ಒಂದೇ ದುಃಖದಲ್ಲಿರುವವರು ಒಬ್ಬರನ್ನೊಬ್ಬರು ಹಿಡಿದರೆ ಇಬ್ಬರದೂ ನಿಲ್ಲುವುದಿಲ್ಲವಂತೆ. ಆದರೆ ಅವಳು ನನ್ನ ಕಡೆ ನೋಡಿ, “ಬ್ಯಾರೆ ಯಾರೂ ಬ್ಯಾಡ. ಎಣ್ಣಿ ನೋಡಿದ್ದು ಇವರ ಕೈ. ಇವರ ಹಿಡೀಲಿ” ಎಂದಳು. ತಾರವ್ವ ಎದ್ದು ಜಾಗ ಬಿಟ್ಟಳು.

ನನ್ನ ಕೈ ನಡುಗುತ್ತಿರಲಿಲ್ಲ. ಎಣ್ಣೆ ಅಳೆಯುವವನ ಕೈ ನಡುಗಬಾರದೆಂದು ಅಪ್ಪ ಚಿಕ್ಕಂದಿನಲ್ಲೇ ಹೊಡೆದು ಕಲಿಸಿದ್ದ. ಅದಕ್ಕೆ ನನಗೆ ಅಂದು ನಾಚಿಕೆಯಾಯಿತು. ಅವಳ ಕೈಗಳನ್ನು ಹಿಡಿದು ಕೂತೆ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ನಾನು ಆ ಕೈಗಳನ್ನು ಹಿಡಿದಿರಲಿಲ್ಲ. ಊರಿನವರದ್ದನ್ನೆಲ್ಲ ಹಿಡಿದು ಹಿಡಿದು ಅವು ಗಾಣದ ಒನಕೆಯ ಹಾಗೆ ನುಣುಪಾಗಿದ್ದವು. ಜನ ಬಂದರು, ಹೋದರು. ಯಾರೋ ನನಗೆ ಅನ್ನ ಕಲಸಿ ಬಾಯಿಗೆ ಇಟ್ಟರು. ಮೊದಲ ದಿನ ನಡುಕ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸ್ವಲ್ಪ ಇಳಿಯಿತು ಅನ್ನಿಸಿತು. ಅದೇ ಹೊತ್ತಿಗೆ ನನ್ನ ಅಂಗೈ ಕಾಯುತ್ತಿರುವುದು ಗಮನಕ್ಕೆ ಬಂತು.

ರೂಢಿಯ ಬಲ ನೋಡಿ, ಅಂಥ ಹೊತ್ತಿನಲ್ಲೂ ನನ್ನ ಮನಸ್ಸು ಅಳೆಯಿತು. ಹತ್ತರ ಬಿಸಿ ಎಂದಿತು. ಪಡಸಾಲೆಯಲ್ಲಿ ಬಿಸಿಲಿಲ್ಲ, ಒಲೆ ಹೊತ್ತಿಸಿ ಎರಡು ದಿನವಾಗಿತ್ತು. ಹಾಗಾದರೆ ಈ ಬಿಸಿ ಎಲ್ಲಿಯದು? ಅವಳ ನಡುಕ ಕಡಿಮೆಯಾದಷ್ಟೂ ನನ್ನ ಕೈಯ ಬಿಸಿ ಏರುತ್ತಿತ್ತು. ನುಂಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ನಾನು ಐವತ್ತು ವರ್ಷ ಕೇಳದ ಪ್ರಶ್ನೆಗೆ ಉತ್ತರ ನನ್ನ ಅಂಗೈಯಲ್ಲಿ ಕೂತಿತ್ತು. ಹಿಡಿಕೆಜ್ವರ ಯಾಕೆ ಬರುತ್ತದೆ ಎಂದು ತಿಳಿಯಿತು. ಗಾಣದ ಎಣ್ಣೆ ಯಾಕೆ ಬೆಚ್ಚಗಿರುತ್ತದೆ ಎಂದು ತಿಳಿಯಿತು. ಚಂದ್ರಾಮನ ಅಂಗೈ ಯಾಕೆ ಬೆಂದವು ಎಂದೂ ತಿಳಿಯಿತು. ಕೆಂಡ ಯಾಕೆ, ನನ್ನ ಕೇಳ್ರಿ ಎಂದಿದ್ದಳು. ಅವಳನ್ನು ಕೇಳಿದ್ದರೆ ಸಾಕಿತ್ತು. ನನಗೆ ಎದೆ ಒಡೆದು ಹೋಯಿತು ಎಂದರೆ ಅದು ಬರಿಯ ಮಾತು. ನಿಜವಾಗಿ ಅನಿಸಿದ್ದು ಏನೆಂದರೆ, ಆ ಎಣಗಾಯಿಯನ್ನು ಅಷ್ಟು ರುಚಿಯಾಗಿ ತಿಂದೆನಲ್ಲ ಎಂದು.

ಅವಳಿಗೆ ಮಂಪರು ಹತ್ತಿದಾಗ ತಾರವ್ವನ ಕೈಗೆ ಅವಳ ಕೈಗಳನ್ನು ಕೊಟ್ಟು, ಮರುದಿನ ಹೊತ್ತು ಮೂಡುವಾಗ ಶೆಡ್ಡಿಗೆ ಹೋದೆ. ಕಂಬದ ಡಬ್ಬಿ ತಣ್ಣಗಿತ್ತು. ಕಬ್ಬಿಣವನ್ನು ಕೆಳಗೆ ಎಳೆದು ಬಿಟ್ಟೆ, ಎರಡು ತೂಗಿಗೆ ನಿಂತಿತು. ಮತ್ತೆ ಎಳೆದೆ. ನಿಲ್ಲುವ ಮೊದಲೇ ಮತ್ತೆ ಎಳೆದೆ. ನಿಲ್ಲಗೊಡದೆ ಎಳೆಯುತ್ತಲೇ ಹೋದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದರು ಕೆಲವರು. ಹೆಣ ಎತ್ತಿದ ಮನೆಯವನು ಅಲುಗಿಸುತ್ತ ನಿಂತಿದ್ದಾನೆ, ಊರಿಗೆ ಕೇಡು ಎಂದರು ಕೆಲವರು. ಒಬ್ಬ ಮುದುಕ ಕಲ್ಲೆಸೆದ. ಇಮಾಮಸಾಬ ಬಂದು, ನನ್ನ ಮುಖ ನೋಡಿ, ಶೆಡ್ಡಿನ ಬಾಗಿಲು ಹಾಕಿ ತಾನೂ ಕಬ್ಬಿಣಕ್ಕೆ ಕೈ ಕೊಟ್ಟ. ಇಂಥ ಪಾಪವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಸೂರ್ಯ ನೆತ್ತಿಗೆ ಬರುವ ತನಕ ಇಬ್ಬರೂ ಎಳೆದೆವು. ಆಮೇಲೆ ಮುಚ್ಚಳ ತೆಗೆದು ಬೆರಳು ಅದ್ದಿದೆ. ಒಂದು ಎಂದು ಎಣಿಸಲೂ ಆಗಲಿಲ್ಲ.

ಕಬ್ಬಿಣ ತೂಗುತ್ತಿತ್ತು. ಹನ್ನೆರಡಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ನನ್ನ ಕೈ ತಾನಾಗಿ ಹಿಡಿಯಲು ಹೋಯಿತು. ಇಮಾಮಸಾಬ ಆ ಕೈಯನ್ನು ಹಿಡಿದುಕೊಂಡ. ಇಬ್ಬರೂ ನೆಲಕ್ಕೆ ಕೂತೆವು. ಏನು ಮಾಡಬೇಕೋ ತೋಚದೆ ಅವನು ಎಲೆಯಡಿಕೆಯ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ ಕೊಟ್ಟ, ನಾನು ಅಗಿದೆ. ಎರಡನೆಯ ಎಲೆ ಮುಗಿಯುವ ಹೊತ್ತಿಗೆ ಕಬ್ಬಿಣದ ತೂಗು ಕಿರಿದಾಗಿತ್ತು. ಮೂರನೆಯದನ್ನು ಅವನು ಮಡಿಸುತ್ತಿರುವಾಗ ಅದು ನಿಂತಿತು. ಯಾರೂ ಹಿಡಿಯಲಿಲ್ಲ. ಎಣ್ಣೆ ತಣ್ಣಗಾಗಿ ಮತ್ತೆ ದಪ್ಪವಾಗಿ, ತನ್ನ ಕೆಲಸವನ್ನು ತಾನು ಮಾಡಿತ್ತು. ಇಮಾಮಸಾಬ ಮಡಿಸಿದ ಎಲೆಯನ್ನು ಕೈಯಲ್ಲೇ ಹಿಡಿದು ಗೋಡೆಯ ಮೇಲಿನ ನಮ್ಮ ಇದ್ದಿಲಿನ ಲೆಕ್ಕ ನೋಡುತ್ತ, “ಸುಮ್ಮನ ಕುಂತಿದ್ರ ಸಾಕಿತ್ತಲ್ಲೋ ಅಡಿವೆಪ್ಪ” ಎಂದ. ಆಮೇಲೆ ಮಗುವಿನ ಹಾಗೆ ಅತ್ತ. ನಾನು ಅವನ ಭುಜ ಹಿಡಿದುಕೊಂಡೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಹೇಳಬೇಕೋ, ಬೇಡವೋ? ಅವಳ ನಡುಕ ಅರ್ಧ ಇಳಿದಿದೆ, ಇನ್ನೊಂದು ದಿನ ಹಿಡಿದರೆ ನಿಂತೇ ಹೋಗುತ್ತದೆ. ಆಮೇಲೆ ಅವಳು ಎದ್ದು ಮುಖ ತೊಳೆದುಕೊಳ್ಳುತ್ತಾಳೆ, ಅನ್ನ ಬೇಯಿಸುತ್ತಾಳೆ, ಮತ್ತೊಂದು ಸಾವಿನ ಮನೆಗೆ ಸೆರಗು ಬಿಗಿದು ಹೊರಡುತ್ತಾಳೆ. ವಿಧಿ ಎಂದು ಅವಳು ನಂಬಿಕೊಂಡರೆ ಯಾರಿಗೇನು ನಷ್ಟ? ನಾನು ಹಾಗೆಂದು ನಿಶ್ಚಯಿಸಿಯೇ ಹೊಸ್ತಿಲು ದಾಟಿದೆ. ತಾರವ್ವ ಎದ್ದು ಹೋದಳು. ನಾನು ಕೂತು ಬಾಳವ್ವನ ಕೈ ಹಿಡಿದೆ.

“ನಿಮ್ಮ ಕೈ ಬಿಸಿ ಆಗ್ಯಾವ” ಎಂದಳು. ನಾನು ಹೂಂ ಎಂದೆ. ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ಊರಿನ ಅಷ್ಟು ಸಾವುಗಳನ್ನು ಹಿಡಿದವಳಿಗೆ ಮುಖ ಓದುವುದು ಹೇಳಿಕೊಡಬೇಕೆ. “ಅವನ ಕೈ ಸುಟ್ಟಿದ್ದು ಇದಕ್ಕ ಏನ್ರಿ?” ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. “ಏನ್ ಮಾಡಿದ್ರ ಉಳೀತಿದ್ದ?” ಎಂದಳು. ಸುಳ್ಳು ಬಾಯಿಯಲ್ಲಿ ಸಿದ್ಧವಾಗಿತ್ತು. ನನ್ನ ಬೆರಳು ಸುಳ್ಳು ಹೇಳಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದು ನೆನಪಾಯಿತು. ಆ ಒಂದು ಮಾತನ್ನಾದರೂ ಉಳಿಸಿಕೊಳ್ಳೋಣ ಎಂಬ ಮೂರ್ಖತನವೋ ಏನೋ, ಹೇಳಿಬಿಟ್ಟೆ.

“ಏನೂ ಮಾಡೂದ ಬ್ಯಾಡಾಗಿತ್ತು. ಮೂರ ಎಲಿ ಹಾಕ್ಕೊಳ್ಳೂವಷ್ಟ ಹೊತ್ತು ಗಿಡದ ನೆಳ್ಳಾಗ ಕುಂತಿದ್ರ, ಬಸ್ಸು ತಾನ ನಿಲ್ತಿತ್ತು.”

ಅವಳು ಕಿರುಚಲಿಲ್ಲ, ಶಪಿಸಲಿಲ್ಲ. ನನ್ನ ಅಂಗೈಯಿಂದ ತನ್ನ ಎರಡೂ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ನಾನು ಮತ್ತೆ ಹಿಡಿಯಲು ಹೋದೆ. “ಬ್ಯಾಡ್ರಿ. ಇದನ್ನ ನುಂಗಬ್ಯಾಡ್ರಿ. ಅವಂದು ಇಷ್ಟ ಉಳದೈತಿ ನನ್ನ ಹತ್ರ” ಎಂದಳು. ತಾರವ್ವ ಬಂದಳು, ಉಳಿದವರು ಬಂದರು, ಹಿರಿಯರು ಬಂದು ಬುದ್ಧಿ ಹೇಳಿದರು. ಅವಳು ಯಾರಿಗೂ ಕೈ ಕೊಡಲಿಲ್ಲ.

ಊರಿಗೆ ಒಳ್ಳೆಯದೇ ಆಯಿತು, ಇಲ್ಲವೆನ್ನಲಾರೆ. ಹಳ್ಳದಿಂದ ಬಸ್ಸನ್ನು ಎತ್ತಿದರು, ಇಮಾಮಸಾಬ ಅದನ್ನು ಸರಿಮಾಡಿದ. ಈಗ ಮೂರು ಮೈಲಿಗೊಂದು ಕಟ್ಟೆ ಕಟ್ಟಿಸಿದ್ದಾರೆ. ಅಲ್ಲಿ ಬಸ್ಸು ನಿಲ್ಲುತ್ತದೆ, ಜನ ಇಳಿದು ಎಲೆ ಹಾಕಿಕೊಳ್ಳುತ್ತಾರೆ, ಹೆಂಗಸರು ಬುತ್ತಿ ಬಿಚ್ಚುತ್ತಾರೆ. ಎಣ್ಣೆ ತಣ್ಣಗಾಗುವ ತನಕ ತೂಗುವ ಬಸ್ಸನ್ನು ಯಾರೂ ಮುಟ್ಟಬಾರದು ಎಂದು ಕಟ್ಟಳೆ. ಮೊದಮೊದಲು ಹಿಡಿಯದೆ ನೋಡುತ್ತ ಕೂರುವುದು ಜನರಿಗೆ ಬಹಳ ಕಷ್ಟವಾಯಿತು, ಕೆಲವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ಈಗ ರೂಢಿಯಾಗಿದೆ. ಕಟ್ಟೆಗಳಿಗೆ ಚಂದ್ರಾಮನ ಕಟ್ಟೆ ಎಂದೇ ಹೆಸರು. ಆಸ್ಪತ್ರೆಗೆ ಹೋದವರು ಬದುಕಿ ಬರುತ್ತಾರೆ, ಬಂದು ನನ್ನ ಕಾಲು ಮುಟ್ಟುತ್ತಾರೆ.

ಹನ್ನೊಂದು ವರ್ಷವಾಯಿತು. ರೊಟ್ಟಿ ನಾನು ಬಡಿಯುತ್ತೇನೆ. ನೀರಿನ ತಂಬಿಗೆಯನ್ನು ನಾನು ಬಾಯಿಗೆ ಹಿಡಿಯುತ್ತೇನೆ, ಇಲ್ಲದಿದ್ದರೆ ಅರ್ಧ ಸೀರೆಯ ಮೇಲೆ ಚೆಲ್ಲುತ್ತದೆ. ಬಾಳವ್ವ ನನ್ನೊಡನೆ ಮಾತಾಡುತ್ತಾಳೆ, ಬೆಳಿಗ್ಗೆ ಎಣ್ಣೆ ಎಷ್ಟು ಇಳಿಯಿತು ಎಂದು ಕೇಳುತ್ತಾಳೆ, ಬಿಸಿಲು ಜಾಸ್ತಿಯಾಯಿತು ಎನ್ನುತ್ತಾಳೆ. ಪಡಸಾಲೆಯ ಅದೇ ಗೋಡೆಗೆ ಒರಗಿ ಕೂರುತ್ತಾಳೆ, ತೊಡೆಯ ಮೇಲೆ ಕೈಗಳು ನಡುಗುತ್ತಲೇ ಇರುತ್ತವೆ. ಚಾವಡಿಯ ಗಡಿಯಾರದ ಜೊತೆಗೆ ಊರಿನಲ್ಲಿ ಯಾರೂ ಹಿಡಿಯದೆ ಬಿಟ್ಟದ್ದು ಈಗ ಇನ್ನೊಂದಿದೆ ಎನ್ನುತ್ತಾರೆ ಜನ. ನಾನು ದಿನಕ್ಕೊಮ್ಮೆ ಹೋಗಿ ಎದುರು ಕೂತು ಕೈ ಚಾಚುತ್ತೇನೆ. ಅವಳು ನೋಡುತ್ತಾಳೆ, ಬೇಡವೆನ್ನುವಂತೆ ತಲೆಯಾಡಿಸುತ್ತಾಳೆ. ಸ್ವಲ್ಪ ಹೊತ್ತು ಹಾಗೇ ಕೂತು ಎದ್ದು ಗಾಣಕ್ಕೆ ಹೋಗುತ್ತೇನೆ. ನನ್ನ ಅಂಗೈಗಳು ತಣ್ಣಗಿವೆ.